ದೊಡ್ಡವ್ವ ಹೊಡೆಸಿದ ಮೊಳೆ, ನನ್ನ ಎರಡು ಕ್ಯಾಮೆರಾ

ಕ್ಯಾಮೆರಾ ಹಿಡಿದು ಊರೂರು ತಿರುಗುವ ಹೆಂಗಸಿಗೆ ಮುಖಭಂಗ ಅನ್ನುವುದು ಬಸ್ಸಿನ ಧೂಳಿದ್ದ ಹಾಗೆ. ಎಷ್ಟು ಝಾಡಿಸಿಕೊಂಡರೂ ಮುಂದಿನ ಸ್ಟ್ಯಾಂಡಿನಲ್ಲಿ ಮತ್ತೆ ಮೆತ್ತಿಕೊಳ್ಳುತ್ತದೆ. ನಾನು ಸುಮಾರು ದೇಶ ನೋಡಿದವಳು. ಇಸ್ತಾಂಬುಲ್‌ನಲ್ಲಿ ಒಬ್ಬ ಮೀನುಗಾರ ನನ್ನ ಟ್ರೈಪಾಡಿನ ಮೇಲೆ ಬಲೆ ಒಣಹಾಕಿದ್ದಾನೆ. ಹನೋಯ್‌ನಲ್ಲಿ ಒಬ್ಬ ಅಜ್ಜಿ ಸೌಟು ಹಿಡಿದು ಬೀದಿಯ ತುದಿಯವರೆಗೂ ಅಟ್ಟಿಸಿಕೊಂಡು ಬಂದಿದ್ದಾಳೆ. ಅಲ್ಲೆಲ್ಲ ಒಂದು ಅನುಕೂಲವಿತ್ತು, ಬೈದದ್ದು ತಿಳಿಯುತ್ತಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಆ ಅನುಕೂಲವಿಲ್ಲ. ಒಂದೊಂದು ಮಾತೂ ತಿಳಿಯುತ್ತದೆ. ತಿಳಿಯದಿದ್ದರೆ ಇನ್ನೊಮ್ಮೆ ಬಿಡಿಸಿ ಹೇಳುತ್ತಾರೆ.

ಈ ಮೂರು ತಾಲ್ಲೂಕಿನ ಅಡುಗೆಮನೆಗಳ ಮೇಲೆ ಒಂದು ಚಿತ್ರಪುಸ್ತಕ ಮಾಡೋಣವೆಂದು ಬಂದಿದ್ದೆ. ಜೊತೆಗೆ ಎರಡು ಕ್ಯಾಮೆರಾ. ಒಂದು ಹಳೆಯ ಡಿಎಸ್‌ಎಲ್‌ಆರ್. ಕೊರಳಿಗೆ ಹಾಕಿಕೊಂಡರೆ ರುಬ್ಬುಗುಂಡು ಕಟ್ಟಿಕೊಂಡ ಹಾಗೆ. ಆದರೆ ಅದರಲ್ಲಿ ತೆಗೆದ ಮುಖಗಳಿಗೆ ಒಂದು ಕಳೆ ಬರುತ್ತದೆ. ಇನ್ನೊಂದು ಜೇಬಿನಲ್ಲಿ ಹಿಡಿಯುವ ಪುಟ್ಟ ಕಾಂಪ್ಯಾಕ್ಟ್. ಬಟನ್ ಒತ್ತಿದರೆ ಆಮೆಯ ಹಾಗೆ ಕತ್ತು ಹೊರಗೆ ಹಾಕುತ್ತದೆ. ಕಲಬುರಗಿಯಲ್ಲಿ ಡಾಕ್ಟರು ನನ್ನ ಬಲಭುಜ ಒತ್ತಿ ನೋಡಿ, "ಏನ್ ಹೊರ್ತೀರಿ ಮೇಡಂ, ನೀರಿನ ಕೊಡಾನಾ?" ಎಂದು ಕೇಳಿದರು. ಚೀಲ ತೆರೆದು ತೋರಿಸಿದೆ. ಅವರು ದೊಡ್ಡದನ್ನು ಎತ್ತಿ ನೋಡಿ ಕೆಳಗಿಟ್ಟು, ತಮ್ಮದೇ ಭುಜ ತಿಕ್ಕಿಕೊಂಡರು. "ಎರಡರಾಗ ಒಂದು ಬಿಡ್ರಿ. ಇಲ್ಲಾ ಈ ಕ್ಯಾಮೆರಾ, ಇಲ್ಲಾ ಈ ಭುಜ."

ಯಾವುದನ್ನು ಬಿಡುವುದು ಎಂದು ತೂಗಿ ನೋಡುತ್ತಿರುವಾಗಲೇ ಸರಸಂಬಾದಿಂದ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ. ಮದುವೆಯಾದಾಗಿನಿಂದ ಗಂಡನ ಅಣ್ಣತಮ್ಮಂದಿರ ತುಂಬಿದ ಮನೆಯಲ್ಲಿ ರೊಟ್ಟಿ ಬಡಿದವಳು, ಈಗ ಈ ವಯಸ್ಸಿನಲ್ಲಿ ತನ್ನದೇ ಹೆಸರಲ್ಲಿ ಒಂದು ಮನೆ ಕಟ್ಟಿಸಿದ್ದಳು. ಸ್ವಲ್ಪ ದಿನದಲ್ಲಿ ಅದರ ವಾಸ್ತು, ಅಂದರೆ ಗೃಹಪ್ರವೇಶ.

"ಪಡಸಾಲ್ಯಾಗ ನಿಮ್ಮ ದೊಡ್ಡಪ್ಪನ ಫೋಟೋ ಹಾಕ್ಸೀನಿ. ಅದರ ಬಾಜೂಕ ಇನ್ನೊಂದು ಮೊಳಿ ಹೊಡಿಸೀನಿ," ಅಂದಳು.

"ಅದ್ಯಾಕ ದೊಡ್ಡವ್ವ?"

"ನನಗ. ಸತ್ತ ಮ್ಯಾಲ ಎಲ್ಲಾರೂ ಫೋಟೋ ಹಾಕ್ತಾರ. ಅದನ್ನ ನಾ ನೋಡಾಂಗಿಲ್ಲಲ್ಲ. ಬದುಕಿದ್ದಾಗ ನನ್ನ ಮನ್ಯಾಗ ನನ್ನ ಫೋಟೋ ನಾ ನೋಡಬೇಕು. ಜಗತ್ತೆಲ್ಲಾ ತಗದಿ, ನಿಮ್ಮ ದೊಡ್ಡವ್ವಂದು ಒಂದರ ತಗದೀಯೇನಬೇ?"

ತೆಗೆದಿರಲಿಲ್ಲ. ಬಂದಾಗಲೆಲ್ಲ 'ಮುಂದಿನ ಸಲ' ಎನ್ನುತ್ತ ಅವಳ ಕೈಯ ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗಿದ್ದೆ. ಚಟ್ನಿಯನ್ನು ಮಾತ್ರ ಮುಂದಿನ ಸಲಕ್ಕೆ ಬಿಟ್ಟದ್ದು ನೆನಪಿಲ್ಲ. ಕಿವಿ ಬಿಸಿಯಾಯಿತು. ವಾಸ್ತುವಿಗೆ ಮೊದಲು ಆ ಮೊಳೆಗೆ ಫೋಟೋ ಬೀಳುತ್ತದೆ ಎಂದು ಮಾತು ಕೊಟ್ಟೆ. ಯಾವ ಕ್ಯಾಮೆರಾದಲ್ಲಿ ಎನ್ನುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಪುಸ್ತಕದ ಕೆಲಸದಲ್ಲಿ ಎರಡನ್ನೂ ಪರೀಕ್ಷೆ ಮಾಡಿ ನೋಡೋಣವೆಂದು ಹೊರಟೆ. ಪರೀಕ್ಷೆ ಆದದ್ದು ನನ್ನದು.

೧. ಮಣ್ಣೂರಿನ ಒಲೆ

ಮೊದಲು ದೊಡ್ಡ ಕ್ಯಾಮೆರಾ. ಭೀಮಾ ದಂಡೆಯ ಮಣ್ಣೂರಿನಲ್ಲಿ ಪರಿಚಯದವರ ಬೀಗರ ಮನೆ. ಒಳಗೆ ಹೋಗಿ ನೋಡಿದರೆ ನಾನು ಹುಡುಕುತ್ತಿದ್ದ ಅಡುಗೆಮನೆಯೇ ಅದು. ಹೊಗೆ ಕುಡಿದು ಕಪ್ಪಾದ ಗೋಡೆ, ಧಗಧಗ ಉರಿಯುವ ಒಲೆ, ಹೆಂಚಿನ ಮೇಲೆ ಉಬ್ಬುತ್ತಿರುವ ರೊಟ್ಟಿ, ಬೆಳಕಿಂಡಿಯಿಂದ ನೇರ ಹೆಂಚಿನ ಮೇಲೇ ಇಳಿದ ಬಿಸಿಲು. ಚೀಲದಿಂದ ಕ್ಯಾಮೆರಾ ಹೊರಗೆ ತೆಗೆದೆ. ಮನೆಯಾಕೆ ಅದರ ಉದ್ದ ಮೂತಿ ನೋಡಿದಳು.

"ಅಯ್ಯ, ಜರಾ ತಡೀರಿ," ಎಂದು ಬಾಗಿಲು ಹಾಕಿಕೊಂಡಳು.

ಪಡಸಾಲೆಯಲ್ಲಿ ಕೂತೆ. ಚಹಾ ಬಂತು. ಒಳಗೆ ಏನೋ ಎಳೆಯುವ ಸದ್ದು. ಮತ್ತೆ ಚಹಾ ಬಂತು. ಹೊರಗೆ ಟಿವಿಯವರು ಬಂದಿದ್ದಾರೆ ಎಂದು ಓಣಿಗೆಲ್ಲ ಸುದ್ದಿ. ಧೋತರದ ಹಿರಿಯರೊಬ್ಬರು ಬಂದು ನನ್ನ ಕೈ, ಚೀಲ ಎಲ್ಲ ನೋಡಿ, "ಮೈಕ್ ಎಲ್ಲಿಟ್ಟೀರಿ? ನಾ ಎರಡು ಮಾತ ಹೇಳೋದದ," ಎಂದು ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡರು.

ಬಾಗಿಲು ತೆರೆಯಿತು. ಒಲೆ ಆರಿಸಿ, ಸಾರಿಸಿ, ರಂಗೋಲಿ ಹಾಕಿದ್ದರು. ಹೆಂಚು ಮಾಯ. ಕಪ್ಪು ಗೋಡೆಗೆ ನವಿಲಿನ ಚಿತ್ರದ ಹೊಸ ಚಾದರ ಕಟ್ಟಿತ್ತು. ಪಕ್ಕದ ಮನೆಯಿಂದ ತಂದ ಗ್ಯಾಸಿನ ಒಲೆ ಮುಂದೆ ಇತ್ತು. ಸಿಲಿಂಡರ್ ಇರಲಿಲ್ಲ, ಬರೀ ಒಲೆ. ಅದರ ಹಿಂದೆ ಅತ್ತೆ, ಸೊಸೆ, ಪಕ್ಕದ ಮನೆಯಾಕೆ ರೇಷ್ಮೆ ಸೀರೆ ಉಟ್ಟು, ಉಸಿರು ಬಿಗಿಹಿಡಿದು ನಿಂತಿದ್ದರು.

"ಈಗ ತಗೀರಿ."

ಬೇಡ ಎನ್ನಲು ಬಾಯಿ ಬರಲಿಲ್ಲ. ನವಿಲಿನ ಚಾದರವನ್ನು ಬೇರೆಬೇರೆ ಕೋನದಿಂದ ತೆಗೆದೆ.

"ಟಿವಿಯಾಗ ಯಾವತ್ತ ಬರ್ತದ್ರಿ?" ಸೊಸೆ ಕೇಳಿದಳು.

"ಟಿವಿ ಅಲ್ರಿ ತಂಗಿ. ಪುಸ್ತಕ."

ಹಿರಿಯರು ಎದ್ದು ಧೋತರ ಝಾಡಿಸಿಕೊಂಡು ಹೊರಗೆ ಹೋದರು. ಅತ್ತೆ ನಿಧಾನವಾಗಿ ಸೊಸೆಯ ಕಡೆ ತಿರುಗಿ, "ಪುಸ್ತಕಕ್ಕ ನನಗ ರೇಷ್ಮಿ ಸೀರಿ ಉಡಿಸಿದೇನಬೇ? ಇರ್ಲಿ, ಪಾಪ ಅಷ್ಟ ದೂರದಿಂದ ಬಂದಾಳ. ಇಕಿಗಿ ಎರಡು ಬಿಸಿ ರೊಟ್ಟಿ ಕೊಟ್ಟು ಕಳಸು," ಎಂದಳು. ಆಮೇಲೆ ರಂಗೋಲಿ ಕಡೆ ನೋಡಿ ಹಣೆ ಬಡಿದುಕೊಂಡಳು. "ಅಯ್ಯ ಶಿವನ, ಒಲಿನೇ ಆರಿಸಿ ಕುಂತೀವಲ್ಲ!"

ಆ ದಿನ ಆ ಮನೆಯಲ್ಲಿ ಎಲ್ಲರೂ ಸಂಜೆಗೆ ಉಂಡರು.

೨. ಜೇವರ್ಗಿಯ ಡಬ್ಬಿ

ದೊಡ್ಡದನ್ನು ಕಂಡರೆ ಅಡುಗೆಮನೆ ಮಾಯವಾಗುತ್ತದೆ ಎಂದು ಖಾತ್ರಿಯಾಯಿತು. ಇನ್ನು ಸಣ್ಣದೇ ಸರಿ. ಜೇವರ್ಗಿಯಲ್ಲಿ ಹೆದ್ದಾರಿ ಬದಿ ಒಂದು ಖಾನಾವಳಿ. ನಡೆಸುವಾಕೆ ದಪ್ಪ ಕುಂಕುಮದ ಗಟ್ಟಿ ಹೆಂಗಸು. ಫೋಟೋ ತೆಗೆಯಲೇ ಎಂದು ಕೇಳಿದೆ. "ತಗೀರಿ" ಅಂದಳು. ಜೇಬಿನಿಂದ ಕಾಂಪ್ಯಾಕ್ಟ್ ತೆಗೆದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇದರಾಗ? ನನ್ನ ಮಗಳ ಫೋನ್ ಕೊಡ್ಲೇನ್ರಿ? ಅದಕ್ಕ ಮೂರು ಕಣ್ಣ ಅವ."

ಸ್ವಲ್ಪ ಕೆಣಕಿದಂತಾಯಿತು. ಇದು ಪರದೇಶದಲ್ಲಿ ಕೊಂಡದ್ದು, ಗಾತ್ರ ನೋಡಿ ಅಳೆಯಬಾರದು, ಇದರ ಗಾಜೇ ಬೇರೆ, ಎಂದು ಊಟಕ್ಕೆ ಕೂತವರೆಲ್ಲ ಕೇಳುವಂತೆ ಒಂದು ಭಾಷಣ ಮಾಡಿದೆ. ತಟ್ಟೆ ಬಂತು. ಕ್ಯಾಮೆರಾ ಹಲಗೆಯ ಮೇಲಿಟ್ಟು ಕೈ ತೊಳೆಯಲು ಹೋದೆ.

ತಿರುಗಿ ಬರುವಷ್ಟರಲ್ಲಿ ಊಟ ಮುಗಿಸಿದ ಲಾರಿ ಡ್ರೈವರೊಬ್ಬ ಎಡ ಅಂಗೈಯಲ್ಲಿ ತಂಬಾಕು ಹಾಕಿಕೊಂಡು, ಬಲಗೈಯಲ್ಲಿ ನನ್ನ ಕ್ಯಾಮೆರಾ ಹಿಡಿದು, ಅದರ ಬೆನ್ನನ್ನು ಹಲಗೆಗೆ ಟಪಟಪ ಬಡಿಯುತ್ತಿದ್ದ. ಮುಚ್ಚಳ ಎಲ್ಲಿದೆ ಎಂದು ಉಗುರು ಹಾಕಿ ಹುಡುಕಿದ. ಉಗುರು ಬಟನ್ನಿಗೆ ತಾಗಿತು. ಝುಂಯ್ ಎಂದು ಅದು ಕತ್ತು ಹೊರಗೆ ಹಾಕಿತು.

"ಯಪ್ಪಾ! ಸುಣ್ಣದ ಡಬ್ಬಿ ಮೂತಿ ತಗೀತ್ರೋ!"

ಎಸೆದುಬಿಟ್ಟ. ಕ್ಯಾಮೆರಾ ಹೋಗಿ ಜೋಳದ ಹಿಟ್ಟಿನ ಪರಾತದಲ್ಲಿ ಮೂತಿ ಮೇಲೆ ಮಾಡಿಕೊಂಡು ಹೂತುಕೊಂಡಿತು. ನಾನು ಓಡಿ ಎತ್ತಿ, ಸೆರಗಿಲ್ಲದ ನನ್ನ ಅಂಗಿಯಿಂದಲೇ ಒರೆಸಿದೆ. ಹಿಂದಿನ ಪರದೆಯಲ್ಲಿ ಒಂದು ಚಿತ್ರ ಇತ್ತು. ಗಾಬರಿಯಲ್ಲಿ ಅವನ ಬೆರಳೇ ಒತ್ತಿದ್ದು: ಬಾಯಿ ಕಳೆದ ಡ್ರೈವರ್, ಗಾಳಿಯಲ್ಲಿ ಹಾರಿದ ತಂಬಾಕು, ಹಿಂದೆ ರೊಟ್ಟಿ ಹಿಡಿದು ನಕ್ಕ ಖಾನಾವಳಿಯಾಕೆ, ಉರಿ, ಹೊಗೆ. ಈ ಪುಸ್ತಕಕ್ಕೆ ನಾನು ತೆಗೆದ ಒಂದು ಚಿತ್ರವೂ ಅದರ ಹತ್ತಿರ ಬರುವುದಿಲ್ಲ.

ಖಾನಾವಳಿಯಾಕೆ ಅದನ್ನು ಇಣುಕಿ ನೋಡಿದ್ದೇ ತಡ, ಬಾಗಿಲಿಗೆ ಹೋಗಿ ಹೆದ್ದಾರಿಗೆಲ್ಲ ಕೇಳುವಂತೆ ಕೂಗಿದಳು. "ಬರ್ರಿ ಇಲ್ಲಿ, ಅಕ್ಕೋರ ಸುಣ್ಣದ ಡಬ್ಬಿ ಫೋಟೋ ಹೊಡೀತದ!"

ಲಾರಿಗಳಿಂದ ಇಳಿದು ಬಂದವರು ಸಾಲಾಗಿ ನಿಂತರು. ಒಬ್ಬ ನನ್ನನ್ನೇ ಕೇಳಿದ: "ಡಬ್ಬಿ ಯಾವ ಊರಾಗ ತಗೊಂಡ್ರಿ ಅಕ್ಕೋರೆ?"

ಅಷ್ಟು ದೊಡ್ಡ ಭಾಷಣ ಮಾಡಿದ ಬಾಯಿ. ಅದೇ ಬಾಯಿಯಿಂದ, "ಹಿಂಗೇ, ಒಂದು ಜಾತ್ರ್ಯಾಗ," ಅಂದೆ.

೩. ಅಫಜಲಪುರದ ಕುಬಸ

ಎರಡೂ ಇರಲಿ ಎಂದು ಎರಡನ್ನೂ ಹೊತ್ತುಕೊಂಡು ಅಫಜಲಪುರಕ್ಕೆ ಹೋದೆ. ದೊಡ್ಡದು ಕೊರಳಲ್ಲಿ, ಸಣ್ಣದು ಜೇಬಿನಲ್ಲಿ. ಒಂದು ಮನೆಯ ಹಿತ್ತಲಲ್ಲಿ ಹೋಳಿಗೆಯ ಹೂರಣ ರುಬ್ಬುವುದು ಕಂಡಿತು. ಕೇಳಿ ತೆಗೆಯೋಣವೆಂದು ಮುಂಬಾಗಿಲಿಗೆ ಹೋದೆ. ಚಪ್ಪಲಿ ಬಿಡುವುದರೊಳಗೆ ಒಬ್ಬ ಹೆಂಗಸು ನನ್ನ ರಟ್ಟೆ ಹಿಡಿದಳು.

"ಈಗ ಬಂದೀರಾ? ಹುಡುಗಿ ಕುಂತು ಕುಂತು ನಡಾ ಹಿಡದದ. ಜಲ್ದಿ ಬರ್ರಿ!"

ಒಳಗೆ ಬಸುರಿ ಹುಡುಗಿಯ ಕುಬಸದ ಕಾರ್ಯ. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ ಹಾಕಿ ಕೂರಿಸಿದ್ದಾರೆ. ಫೋಟೋದವನು ಬಂದಿಲ್ಲವೆಂದು ಆರತಿ ನಿಂತಿದೆ. ನಾನು ಆ ಫೋಟೋದವಳಲ್ಲ ಎಂದು ಹೇಳಲು ನಿಜವಾಗಿ ಬಾಯಿ ತೆರೆದೆ. "ಮಾತು ಆಮ್ಯಾಲ," ಎಂದು ಹುಡುಗಿಯ ಅತ್ತೆ ತಡೆದಳು. ಬಸುರಿ ನನ್ನ ಕಡೆ ನೋಡಿ ಸುಸ್ತಾಗಿ ನಕ್ಕಳು. ಆ ನಗುವಿಗೆ ಸೋತು ಮೊದಲ ಫೋಟೋ ತೆಗೆದೆ. ಅಲ್ಲಿಗೆ ಮುಗಿಯಿತು. ತವರಿನವರ ಜೊತೆ, ಅತ್ತೆಮನೆಯವರ ಜೊತೆ, ಓಣಿಯವರ ಜೊತೆ, ಉಡಿ ತುಂಬುವಾಗ, ಕೈಗೆ ಬಳೆ ಇಡುವಾಗ. ಭುಜ ಕಳಚಿ ಬೀಳುವಂತಾದಾಗ ಸಣ್ಣದನ್ನು ತೆಗೆದೆ. "ಅದು ಬ್ಯಾಡ, ದೊಡ್ಡದರಾಗ ತಗೀರಿ, ಏನ್ ಕಮ್ತಿ ಮಂದಿ ಅಂತ ತಿಳಕೊಂಡೀರಿ?" ಎಂದು ಅತ್ತೆ ಗದರಿಸಿದಳು.

ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರು. ಮೊದಲ ತುತ್ತು ಬಾಯಲ್ಲಿಟ್ಟಿದ್ದೇನೆ, ಬಾಗಿಲಲ್ಲಿ ಕ್ಯಾಮೆರಾ ಹಿಡಿದ ಗಂಡಸೊಬ್ಬ. ಗಾಡಿ ಪಂಕ್ಚರ್ ಆಗಿ ತಡವಾಯಿತಂತೆ. ಮನೆಯವರೆಲ್ಲ ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹಂಗಾದ್ರ ನೀವ್ಯಾರ್ರಿ?"

ಬಾಯಿತುಂಬ ಹೋಳಿಗೆ. ಆ ಫೋಟೋದವನು ಹತ್ತಿರ ಬಂದು ನನ್ನ ಕೊರಳಿನದನ್ನು ಬಗ್ಗಿ ನೋಡಿ, "ಇದು ನಮ್ಮ ಅಪ್ಪನ ಬಲ್ಲಿ ಇತ್ತು. ಇನ್ನಾ ನಡೀತದೇನ್ರಿ?" ಎಂದ. ಕ್ಯಾಮೆರಾ ಬಗ್ಗೆ ಕೇಳಿದನೋ ನನ್ನ ಬಗ್ಗೆಯೋ ಗೊತ್ತಾಗಲಿಲ್ಲ. ಯಾರೋ ಹಿಂದಿನಿಂದ, "ಕರೀಲಾರದ ಊಟಕ್ಕ ಬಂದಾಳೇನೋ," ಎಂದು ಪಿಸುಗುಟ್ಟಿದರು. ಎದ್ದುಬಿಡೋಣವೆಂದು ಎಲೆ ಮಡಿಸಲು ಹೋದೆ.

ಅತ್ತೆ ನನ್ನ ಎಲೆಯ ಮೇಲೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದು ತೀರ್ಪು ಕೊಟ್ಟಳು. "ಸುಮ್ನಿರ್ರಿ. ಯಾರರ ಆಗಿರ್ಲಿ, ದುಡದು ಉಣ್ಣಾಕತ್ತಾಳ."

೪. ಮಂಜು ಬಿದ್ದ ಮನೆ

ಇಷ್ಟಾದರೂ ದೊಡ್ಡವ್ವನ ಫೋಟೋ ಮಾತ್ರ ದೊಡ್ಡದರಲ್ಲೇ ಎಂದು ನಿರ್ಧಾರ ಮಾಡಿಕೊಂಡಿದ್ದೆ. ಅದಕ್ಕೊಂದು ಮರ್ಯಾದೆ ಇದೆ. ಸರಸಂಬಾಕ್ಕೆ ಹೋಗಿ, ಪಡಸಾಲೆಯ ಬಾಗಿಲ ಬೆಳಕಿಗೆ ಅವಳನ್ನು ಕೂರಿಸಿ, ದೊಡ್ಡ ಲೆನ್ಸು ಹಾಕಿ ತೆಗೆದೆ. ಮುಖದ ಒಂದೊಂದು ಗೆರೆ, ಹಣೆಯ ವಿಭೂತಿ, ಮೂಗುತಿಯ ಚುಕ್ಕಿಬೆಳಕು ಎಲ್ಲ ಮೂಡಿತ್ತು. ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿ ಮಸುಕಾಗಿತ್ತು. ಹೊರದೇಶದಲ್ಲಾಗಿದ್ದರೆ ಜನ ಎದುರು ನಿಂತು ತಲೆದೂಗುವಂಥ ಚಿತ್ರ. ಆಳಂದದಲ್ಲಿ ಪ್ರಿಂಟ್ ಹಾಕಿಸಿ, ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿ, ಕೈಗೆ ಕೊಟ್ಟೆ.

ದೊಡ್ಡವ್ವ ನೋಡಿದಳು. ಹಿಂದೆ ತಿರುಗಿಸಿ ನೋಡಿದಳು. ಮತ್ತೆ ಮುಂದೆ.

"ಕಾಲೆಲ್ಲಿ?"

"ಇದು ಮುಖದ ಫೋಟೋ ದೊಡ್ಡವ್ವ."

"ಅರ್ಧಾ ಮಂದಿ ಆಧಾರ್ ಕಾರ್ಡಿನಾಗ ನಡೀತದ. ಗ್ವಾಡಿ ಮ್ಯಾಲ ಪೂರಾ ಇರ್ಬೇಕು." ಆಮೇಲೆ ಬೆರಳು ಮಸುಕಿನ ಮೇಲಿಟ್ಟಳು. "ಇದು ಏನು?"

"ಅದು ಹಿಂದಿನ ಮನಿ. ಬೇಕಂತನೇ ಮಸಕ ಮಾಡೀನಿ. ನೀನೊಬ್ಬಾಕೀನೇ ಎದ್ದು ಕಾಣ್ಲಿ ಅಂತ."

ಅವಳು ತಿರುಗಿ ಸುತ್ತಲೂ ನೋಡಿದಳು. ನಾನು ಮೊದಲ ಸಲ ಆ ಪಡಸಾಲೆಯನ್ನು ಸರಿಯಾಗಿ ನೋಡಿದೆ. ತೆರೆದ ಬಾಗಿಲಾಚೆ ಅವಳ ಅಡುಗೆಮನೆ, ಸ್ಟೀಲಿನ ಡಬ್ಬಿಗಳ ಸಾಲು, ಫ್ರಿಜ್ಜು, ಈ ಕಡೆ ಕನ್ನಡಿಯ ಅಲ್ಮಾರಿ. ಎಲ್ಲ ಒರೆಸಿ ಒರೆಸಿ ಫೋಟೋಕ್ಕೆಂದೇ ಜೋಡಿಸಿಟ್ಟಿದ್ದಳು. ಮೂರು ತಾಲ್ಲೂಕಿನ ಅಡುಗೆಮನೆಗಳ ಬೆನ್ನು ಹತ್ತಿದವಳು ನಾನು, ಈ ಒಂದನ್ನು ಬೇಕೆಂದೇ ಅಳಿಸಿಬಿಟ್ಟಿದ್ದೆ.

"ನನ್ನ ಮುಖ ಎಲ್ಲಾ ಮನ್ಯಾಗ ಇತ್ತಬೇ," ಅಂದಳು ಮೆಲ್ಲಗೆ. "ಮನಿ ಈಗ ಬಂದದ."

ಎಲ್ಲಿ ನೋಡಬೇಕೋ ತಿಳಿಯದೆ ಖಾಲಿ ಮೊಳೆಯನ್ನು ನೋಡುತ್ತ ನಿಂತೆ. ನನ್ನ ಮುಖ ನೋಡಿ ಅವಳಿಗೇ ಕರುಣೆ ಬಂದಿರಬೇಕು. ಫೋಟೋ ಇನ್ನೊಮ್ಮೆ ಕಣ್ಣ ಹತ್ತಿರ ಹಿಡಿದು, ಸಮಾಧಾನದ ದನಿಯಲ್ಲಿ ಹೇಳಿದಳು:

"ನೀ ಬ್ಯಾಸರ ಮಾಡ್ಕೋಬ್ಯಾಡ. ಕಣ್ಣಾಗ ಪೊರಿ ಬಂದಾಗ ನನಗೂ ಹಿಂಗೇ ಕಾಣ್ತಿತ್ತು. ಆಪರೇಷನ್ ಮಾಡಿಸ್ಕೊಂಡ ಮ್ಯಾಲ ಆರಾಮ ಅದ. ನಿನ್ನ ಕ್ಯಾಮೆರಾಕೂ ಒಮ್ಮಿ ತೋರ್ಸು."

೫. ಮೊಳೆಗೆ ಬಿದ್ದ ಚಿತ್ರ

ಹತ್ತಿರದ್ದು, ದೂರದ್ದು ಎನ್ನದೆ ಎಲ್ಲವನ್ನೂ ಸ್ವಚ್ಛ ತೋರಿಸುವ ಗುಣ ಸಣ್ಣ ಕ್ಯಾಮೆರಾಕ್ಕಿದೆ. ಇಷ್ಟು ದಿನ ನಾನು ಅದನ್ನು ಅದರ ದೋಷ ಎನ್ನುತ್ತಿದ್ದೆ. ಜೇಬಿನಿಂದ ತೆಗೆದೆ. ದೊಡ್ಡವ್ವ ಬಾಗಿಲ ಕಡೆ ನೋಡಿದಳು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಇತ್ತಲೇ ನೋಡುತ್ತಿದ್ದರು.

"ಈ ಡಬ್ಬಿಯಾಗ ತಗಿಸ್ಕೊಂಡ್ರ ಇಜ್ಜತ್ ಹೋಗ್ತದ. ಒಂದ್ ಕೆಲಸ ಮಾಡು. ದೊಡ್ಡದು ಕೊಳ್ಳಾಗ ಹಾಕ್ಕೊ, ಮಂದಿ ನೋಡ್ಲಿ. ತಗಿಯೋದು ಯಾವುದರಾಗರ ತಗಿ."

ಅವಳು ಕುರ್ಚಿಯಲ್ಲಿ ಕೂತಳು. ಕಾಲೂ ಬರಬೇಕು, ಫ್ರಿಜ್ಜೂ ಬರಬೇಕು, ಅಡುಗೆಮನೆಯ ಒಲೆಯೂ, ಅಲ್ಮಾರಿಯೂ, ದೊಡ್ಡಪ್ಪನ ಫೋಟೋವೂ ಬರಬೇಕು. ಹಿಂದೆ ಸರಿದೆ, ಸರಿದೆ, ಬೆನ್ನು ಗೋಡೆಗೆ ತಾಗಿತು. ಇನ್ನು ಉಳಿದದ್ದು ಕುಕ್ಕರಗಾಲಲ್ಲಿ ಕೂರುವುದು. ಕೂತೆ. ಚಾಳೀಸಿನ ಕನ್ನಡಕ ನೆತ್ತಿಯ ಮೇಲಿತ್ತು. ಪುಟ್ಟ ಪರದೆ ಸರಿಯಾಗಿ ಕಾಣಲಿಲ್ಲ, ಆದರೆ ಅಷ್ಟು ವರ್ಷದ ಕೈ. ಒತ್ತಿದೆ.

"ಬಂತೇನು ಎಲ್ಲಾ?"

"ಎಲ್ಲಾ ಬಂತು ದೊಡ್ಡವ್ವ."

ಅವಸರದ ಕೆಲಸವೆಂದು ಆಳಂದದ ಸ್ಟುಡಿಯೋಕ್ಕೆ ಹಾಗೆಯೇ ಕಳಿಸಿದೆ. ದೊಡ್ಡವ್ವ ಅವರಿಗೆ ಫೋನ್ ಮಾಡಿ, ದೊಡ್ಡಪ್ಪನ ಫೋಟೋಕ್ಕಿಂತ ದೊಡ್ಡ ಅಳತೆಯಲ್ಲಿ ಕಟ್ಟು ಹಾಕಿಸಿಕೊಂಡಳಂತೆ. ನಾನು ಅದನ್ನು ನೋಡಿದ್ದು ವಾಸ್ತುವಿನ ದಿನ, ಬಂಧುಬಳಗ ಎಲ್ಲ ತುಂಬಿದ ಪಡಸಾಲೆಯಲ್ಲಿ. ಅದೂ ದೂರದಿಂದ. ಮೊಳೆ ತುಂಬಿತ್ತು, ದೊಡ್ಡವ್ವ ಎಲ್ಲರಿಗೂ ತೋರಿಸುತ್ತಿದ್ದಳು, ನನ್ನ ಎದೆ ಹಗುರವಾಗಿತ್ತು.

ಪಾದಪೂಜೆ ಮುಗಿಸಿಕೊಂಡು, ವಾಸ್ತುವಿಗೆ ಕರೆಸಿದ್ದ ಮಠದ ಅಯ್ಯನವರು ಎದ್ದು ಫೋಟೋದ ಮುಂದೆ ನಿಂತರು. "ಭಾಳ ಶಿಸ್ತ್ ಬಂದದವ್ವ. ಒಲಿ ಕಾಣ್ತದ. ಡಬ್ಬಿ ಮ್ಯಾಲಿನ ಹೆಸರೂ ಓದಾಕ ಬರ್ತಾವ." ಇನ್ನಷ್ಟು ಬಾಗಿದರು. "ಇಲ್ಲಿ ಅಲ್ಮಾರಿ ಕನ್ನಡ್ಯಾಗ ಕಪ್ಪಿ ಹಂಗ ಕುಂತದಲ್ಲ, ಇದು ಏನು?"

ಜನರನ್ನು ಸರಿಸಿ, ಕನ್ನಡಕ ಇಳಿಸಿ ನೋಡಿದೆ. ಕನ್ನಡಿಯೊಳಗೆ ನಾನಿದ್ದೆ. ಗೋಡೆಗೆ ಒತ್ತಿಕೊಂಡು, ಮೊಣಕಾಲು ಎರಡೂ ಕಡೆ ಚಾಚಿ, ನೆತ್ತಿಯ ಮೇಲೆ ಎರಡು ಗಾಜುಗಣ್ಣು, ಕಾಲ ನಡುವೆ ಕರುವಿನ ಗಂಟೆಯ ಹಾಗೆ ನೇತಾಡುವ ದೊಡ್ಡ ಕ್ಯಾಮೆರಾ. ಬಾಯಿಯ ಎಡಬದಿಯಿಂದ ನಾಲಿಗೆ ಹೊರಗೆ ಬಂದಿತ್ತು. ಕೆಲಸದಲ್ಲಿ ಮುಳುಗಿದಾಗ ನಾನು ನಾಲಿಗೆ ಹೊರಗೆ ಹಾಕುತ್ತೇನೆ ಎಂದು ಇಷ್ಟು ದೇಶಗಳಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ. ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದರೆ ಮಂಜಾಗಿ ಉಳಿದುಹೋಗುತ್ತಿದ್ದೆ. ಸುಣ್ಣದ ಡಬ್ಬಿ ಏನನ್ನೂ ಬಿಟ್ಟಿರಲಿಲ್ಲ.

"ಕಪ್ಪಿ ಅಲ್ರಿ ಅಯ್ಯನೋರೆ," ದೊಡ್ಡವ್ವನ ದನಿಯಲ್ಲಿ ಹೆಮ್ಮೆ. "ನಮ್ಮ ತಂಗಿ ಮಗಳು. ದೇಶ ಎಲ್ಲಾ ತಿರಗ್ಯಾಳ."

ಇಡೀ ಪಡಸಾಲೆ ನನ್ನ ಕಡೆ ತಿರುಗಿತು, ಮತ್ತೆ ಫೋಟೋದ ಕಡೆ. "ಹೌದ್ ನೋಡ್ರಿ, ಅಕೀನೇ!" ಎಂದು ಯಾರೋ ಖಾತ್ರಿ ಮಾಡಿದರು. ಪಕ್ಕದ ಮೊಳೆಯಲ್ಲಿ ಹಾರದೊಳಗಿಂದ ದೊಡ್ಡಪ್ಪ ಕೂಡ ನೇರ ನನ್ನನ್ನೇ ನೋಡುತ್ತಿದ್ದ.

ಜನ ಊಟಕ್ಕೆದ್ದ ಮೇಲೆ ದೊಡ್ಡವ್ವನ ಕೈ ಹಿಡಿದೆ. "ಇದನ್ನ ಇಳಸು ದೊಡ್ಡವ್ವ. ನಾಳೆನೇ ಇನ್ನೊಂದು ತಗೀತೇನಿ."

"ಯಾಕ?" ಅವಳು ಸೆರಗಿನಿಂದ ಗಾಜು ಒರೆಸಿದಳು. "ಇಷ್ಟ ಮಂದೀದು ತಗದಿ. ನಿಂದು ಯಾರರ ತಗದಾರೇನಬೇ? ನನ್ನ ಮನ್ಯಾಗ ನಾನೂ ಇದ್ದೀನಿ, ನೀನೂ ಇದ್ದಿ. ಇರ್ಲಿ."

ಭುಜದ ನೋವೂ ಮರೆತೆ. ಆದರೂ ಮಾನದ ಪ್ರಶ್ನೆ. ಕೊನೆಯ ಪ್ರಯತ್ನ ಮಾಡಿದೆ. ಸ್ಟುಡಿಯೋದವರಿಗೆ ಹೇಳಿದರೆ ಆ ನಾಲಿಗೆಯೊಂದನ್ನಾದರೂ ಒಳಗೆ ಹಾಕಿಕೊಡುತ್ತಾರೆ ಎಂದೆ.

ದೊಡ್ಡವ್ವ ಫೋಟೋದಲ್ಲಿದ್ದ ನನ್ನನ್ನೊಮ್ಮೆ, ಎದುರಿಗಿದ್ದ ನನ್ನನ್ನೊಮ್ಮೆ ನೋಡಿದಳು.

"ಹೊರಗ ಹಾಕಿದಾಕಿ ನೀ. ಒಳಗ ಅವರು ಹಾಕ್ಬೇಕೇನು?"